ಚೀನಾದ ಕಂಪನಿಗಳನ್ನು ಒಳಗಿನಿಂದ ನೋಡಿದವರು

(ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳು ಮತ್ತು ಸಣ್ಣ ಉದ್ಯಮಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಚೀನಾದ ಕಂಪನಿಗಳ ವಿಷಯ ಬಂದರೆ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಮಾತು ಕೇಳಿಸುತ್ತವೆ. ಒಂದು, ‘ಅವರ ಶಿಸ್ತೇ ಶಿಸ್ತು, ನಮ್ಮ ಕೈಲಿ ಆಗಲ್ಲ.’ ಇನ್ನೊಂದು, ‘ಅಲ್ಲಿ ಸರ್ಕಾರ ಹೇಳಿದ್ದೇ ನಡೆಯೋದು, ಬಿಡಿ.’ ಮೊದಲನೆಯದರಲ್ಲಿ ಮೆಚ್ಚುಗೆ ಜಾಸ್ತಿ, ಎರಡನೆಯದರಲ್ಲಿ ಭಯ ಜಾಸ್ತಿ. ಎರಡರಲ್ಲಿ ಯಾವುದನ್ನು ಆಡಿದರೂ ಮುಂದೆ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ. ಇಲ್ಲಿ ಪೀಣ್ಯದ ಕಡೆಯಿಂದ ಬಂದವರು ಕೆಲವರಿದ್ದೀರಿ. ಚೀನಾದ ಮಷೀನು, ಬಿಡಿಭಾಗ ತರಿಸುವವರು ನೀವು. ಅಲ್ಲಿನ ಜನರ ಜೊತೆ ವ್ಯವಹಾರ ಮಾಡಿದವರಿಗೆ ಈ ಎರಡು ಮಾತು ಸಾಲವು ಅಂತ ಚೆನ್ನಾಗಿ ಗೊತ್ತು.

ಕಳೆದ ನಾಲ್ಕು ದಶಕಗಳಲ್ಲಿ ಚೀನಾದ ಕಾರ್ಖಾನೆ, ಕಚೇರಿ, ಕಾಲ್ ಸೆಂಟರ್‌ಗಳ ಬಗ್ಗೆ ಬಹಳ ದೊಡ್ಡ ಪ್ರಮಾಣದ ಸಂಶೋಧನೆ ನಡೆದಿದೆ. ಅದರಲ್ಲಿ ಸುಮ್ನೆ ಲೆಕ್ಕಕ್ಕೆ ಬರೆದದ್ದೂ ಇದೆ, ಕಣ್ಣು ತೆರೆಸುವಂಥದ್ದೂ ಇದೆ. ನನಗೆ ಯಾವುದು ಒಳ್ಳೆಯದು ಅನ್ನಿಸಿದೆ ಅಂತ ಮೊದಲೇ ಹೇಳಿಬಿಡುತ್ತೇನೆ. ‘ಚೀನಾದವರ ಸ್ವಭಾವವೇ ಹಾಗೆ’ ಎಂಬ ಉತ್ತರವನ್ನು ಒಪ್ಪದೆ, ‘ಯಾವ ಪರಿಸ್ಥಿತಿ ಅವರನ್ನು ಹಾಗೆ ನಡೆಸುತ್ತದೆ’ ಎಂದು ಕೇಳಿದ ಕೆಲಸವೇ ಒಳ್ಳೆಯದು. ಇವತ್ತು ಅಂಥ ಕೆಲವು ಕೆಲಸಗಳನ್ನು ನಿಮ್ಮ ಮುಂದೆ ಇಡುತ್ತೇನೆ.

ಸ್ವಲ್ಪ ಹಿಂದಿನಿಂದ ಶುರು ಮಾಡೋಣ. 1936ರಲ್ಲಿ ಫೇ ಶಿಯಾವೊತೊಂಗ್ ಎಂಬ ಯುವ ಸಮಾಜಶಾಸ್ತ್ರಜ್ಞ ಶಾಂಘೈಗೆ ಹತ್ತಿರದ ತಾಯ್‌ಹು ಸರೋವರದ ಬಳಿ ಕಾಯ್‌ಶ್ಯೆನ್‌ಗೊಂಗ್ ಎಂಬ ಹಳ್ಳಿಗೆ ಹೋದ. ಅದು ರೇಷ್ಮೆಯ ಹಳ್ಳಿ. ಮನೆಮನೆಯಲ್ಲೂ ಹುಳು ಸಾಕಣೆ, ಮನೆಮನೆಯಲ್ಲೂ ನೂಲು ಬಿಚ್ಚಾಣಿಕೆ. ಫೇ ಅವರ ಅಕ್ಕ ಫೇ ದಾಶೆಂಗ್ ರೇಷ್ಮೆ ತಂತ್ರಜ್ಞೆ. ಆಕೆಯೂ ಅವರ ಸಹೋದ್ಯೋಗಿಗಳೂ ಸೇರಿ ಆ ಊರಿನಲ್ಲಿ ಒಂದು ಸಹಕಾರಿ ಬಿಚ್ಚಾಣಿಕೆ ಕಾರ್ಖಾನೆ ಕಟ್ಟಿಸಿದ್ದರು. ಊರವರೇ ಷೇರುದಾರರು, ಗೂಡು ಕೊಡುವವರೂ ಅವರೇ. ಉದ್ದೇಶ ಬಹಳ ಒಳ್ಳೆಯದು: ಮಧ್ಯವರ್ತಿಯನ್ನು ತಪ್ಪಿಸಿ ಲಾಭ ಊರಿಗೇ ಸಿಗುವಂತೆ ಮಾಡುವುದು.

ಫೇ ಅಲ್ಲಿ ಕಂಡಿದ್ದನ್ನು ಕೇಳಿ. ಉಗಿಯಂತ್ರ ಬಂದ ಮೇಲೆ ನೂಲಿನ ಗುಣಮಟ್ಟ ಸುಧಾರಿಸಿತು. ಆದರೆ ಹಿಂದೆ ಊರಿನ ನೂರಾರು ಹೆಂಗಸರು ಮನೆಯಲ್ಲಿ ಮಾಡುತ್ತಿದ್ದ ಕೆಲಸವನ್ನು ಅದರ ಒಂದು ಪಾಲು ಜನ ಕಾರ್ಖಾನೆಯಲ್ಲಿ ಮುಗಿಸತೊಡಗಿದರು. ಕೆಲಸ ಕಳೆದುಕೊಂಡ ಹುಡುಗಿಯರು ಪಟ್ಟಣಕ್ಕೆ ಹೋದರು. ಕಾರ್ಖಾನೆಯಲ್ಲಿ ಸಂಬಳ ಪಡೆದ ಹುಡುಗಿಯರ ಮಾತಿಗೆ ಮನೆಯಲ್ಲಿ ಬೆಲೆ ಬಂತು. ಅಷ್ಟರಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ರೇಷ್ಮೆ ಬೆಲೆ ಕುಸಿಯಿತು. ಲಾಭಾಂಶ ಬರದಿದ್ದಾಗ ಷೇರುದಾರರ ಉತ್ಸಾಹವೂ ಇಳಿಯಿತು. ಒಂದು ಸಂಸ್ಥೆ ಊರಿನೊಳಗೆ ಬಂದರೆ ಸಂಸಾರ, ಸಾಲ, ಮರ್ಯಾದೆ, ಹೆಣ್ಣಿನ ಸ್ಥಾನ ಎಲ್ಲವೂ ಹೇಗೆ ಅಲುಗಾಡುತ್ತವೆ ಎನ್ನುವುದನ್ನು ಅವರು ಅಲ್ಲೇ ಕೂತು ನೋಡಿ ಬರೆದರು. ರಾಮನಗರದ ಗೂಡಿನ ಮಾರುಕಟ್ಟೆ ನೋಡಿದವರಿಗೆ ಇದರಲ್ಲಿ ಒಂದು ಸಾಲೂ ಅಪರಿಚಿತ ಅನ್ನಿಸಲಾರದು. ಚೀನಾದ ರೇಷ್ಮೆ ಅಗ್ಗವಾಗಿ ಬಂದಾಗಲೆಲ್ಲ ನಮ್ಮ ಬೆಳೆಗಾರರು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಅದೇ ಚೀನಾದ ರೇಷ್ಮೆ ಹಳ್ಳಿ 1930ರ ದಶಕದಲ್ಲಿ ಜಪಾನಿನ ಪೈಪೋಟಿಗೆ ತತ್ತರಿಸಿತ್ತು.

ಇಲ್ಲೊಂದು ಸಣ್ಣ ಪಕ್ಕದ ಮಾತು. ನಮ್ಮ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಕೂತು ಇಂಥದ್ದೇ ಕೆಲಸ ಮಾಡಿದರು. ಶ್ರೀನಿವಾಸರಿಗೆ ಆಕ್ಸ್‌ಫರ್ಡಿನಲ್ಲಿ ಗುರುವಾಗಿದ್ದ ರ‍್ಯಾಡ್‌ಕ್ಲಿಫ್ ಬ್ರೌನ್ 1935ರಲ್ಲಿ, ಫೇ ಓದಿದ್ದ ಬೀಜಿಂಗಿನ ಯೆನ್‌ಚಿಂಗ್ ವಿಶ್ವವಿದ್ಯಾಲಯಕ್ಕೆ ಬಂದು ಪಾಠ ಹೇಳಿದ್ದರು. ಅಂದರೆ ಈ ಎರಡು ಕೆಲಸಗಳ ಹಿಂದೆ ಒಂದೇ ವಿದ್ವತ್ ವಲಯ ಇತ್ತು. ನಮ್ಮಲ್ಲಿ ಆ ದಾರಿ ಮುಂದುವರಿಯಿತು. ಚೀನಾದಲ್ಲಿ 1952ರಲ್ಲಿ ಸಮಾಜಶಾಸ್ತ್ರವನ್ನೇ ವಿಶ್ವವಿದ್ಯಾಲಯಗಳಿಂದ ತೆಗೆದುಹಾಕಿದರು. ಮತ್ತೆ ಬಂದದ್ದು 1979ರಲ್ಲಿ. ಅದನ್ನು ಮರಳಿ ಕಟ್ಟುವ ಹೊಣೆ ಬಿದ್ದದ್ದು ಅದೇ ಫೇ ಅವರ ಮೇಲೆ. ಅಷ್ಟೊತ್ತಿಗೆ ಅವರಿಗೆ ಸುಮಾರು 70 ವರ್ಷ.

ಈ 27 ವರ್ಷಗಳ ಖಾಲಿ ಜಾಗವನ್ನು ನೆನಪಿನಲ್ಲಿಟ್ಟುಕೊಳ್ಳಿ. ಚೀನಾದ ಸಂಸ್ಥೆಗಳ ಬಗ್ಗೆ ಮೊದಲ ಸಿದ್ಧಾಂತಗಳು ಚೀನಾದ ಹೊರಗೇ ಹುಟ್ಟಿದ್ದು ಯಾಕೆ ಎನ್ನುವುದಕ್ಕೆ ಇದೇ ಕಾರಣ. ತೈವಾನಿನ ದೊಡ್ಡ ಕಂಪನಿಗಳನ್ನು ರಾಬರ್ಟ್ ಸಿಲಿನ್ ನೋಡಿದರು. ಹಾಂಗ್‌ಕಾಂಗ್‌ನಲ್ಲಿದ್ದ ಗಾರ್ಡನ್ ರೆಡ್ಡಿಂಗ್ ಆಗ್ನೇಯ ಏಷ್ಯಾದ ಚೀನೀ ವ್ಯಾಪಾರಿ ಮನೆತನಗಳ ಬಗ್ಗೆ ಬರೆದರು. ಮುಖ್ಯಭೂಮಿ ಚೀನಾದಲ್ಲಿ ಆಗ ಇದ್ದದ್ದು ಬೇರೆಯೇ ಲೋಕ. ಸರ್ಕಾರಿ ಕಾರ್ಖಾನೆಯೇ ಮನೆ ಕೊಡುತ್ತಿತ್ತು, ಆಸ್ಪತ್ರೆ, ಶಾಲೆ, ಪಿಂಚಣಿ ಕೊಡುತ್ತಿತ್ತು. ಮದುವೆಗೂ ಅದರ ಒಪ್ಪಿಗೆ ಪತ್ರ ಬೇಕಿತ್ತು. ಭದ್ರಾವತಿಯ ಕಾರ್ಖಾನೆ ಕಾಲೊನಿಗಳಲ್ಲಿ ಬೆಳೆದವರಿಗೆ ಇದರ ಒಂದು ಭಾಗ ಅರ್ಥವಾದೀತು, ಪೂರ್ತಿ ಅಲ್ಲ. ಯಾಕೆಂದರೆ ಅಲ್ಲಿ ಕೆಲಸ ಬಿಟ್ಟು ಇನ್ನೊಂದು ಕಡೆ ಹೋಗುವ ದಾರಿಯೇ ಇರಲಿಲ್ಲ.

1978ರ ನಂತರ ಆರ್ಥಿಕ ಸುಧಾರಣೆ ಶುರುವಾಗಿ ಬಾಗಿಲು ತೆರೆಯಿತು. ಹೊರಗಿನ ಸಂಶೋಧಕರು ಒಳಗೆ ಬಂದರು. ಬಂದವರೆಲ್ಲರ ಕಣ್ಣಿಗೆ ಮೊದಲು ಬಿದ್ದದ್ದು ‘ಗ್ವಾನ್‌ಶಿ’. ನಮ್ಮ ಮಾತಿನಲ್ಲಿ ಹೇಳುವುದಾದರೆ ಪರಿಚಯ, ವಶೀಲಿ, ಋಣ, ಸ್ನೇಹ ಎಲ್ಲ ಸೇರಿದ ಸಂಬಂಧದ ಜಾಲ. ಫೇ ಇದಕ್ಕೆ 1940ರ ದಶಕದಲ್ಲೇ ಒಂದು ಚಿತ್ರ ಕೊಟ್ಟಿದ್ದರು: ನೀರಿಗೆ ಕಲ್ಲು ಹಾಕಿದಾಗ ಏಳುವ ಅಲೆಯ ಉಂಗುರಗಳು. ನಡುವೆ ನಾನು. ಹತ್ತಿರದ ಉಂಗುರದವರಿಗೆ ಒಂದು ನಿಯಮ, ದೂರದವರಿಗೆ ಇನ್ನೊಂದು. ಇದನ್ನು ಹಿಡಿದುಕೊಂಡು ಬಹಳ ಜನ, ‘ಕನ್ಫ್ಯೂಷಿಯಸ್ ಕಾಲದಿಂದ ಚೀನಾದವರು ಹಾಗೇ, ಅವರಿಗೆ ಕಾನೂನಿಗಿಂತ ಸಂಬಂಧವೇ ದೊಡ್ಡದು’ ಎಂದು ಬರೆದು ಮುಗಿಸಿದರು.

1996ರಲ್ಲಿ ಕ್ಯಾಥರಿನ್ ಶಿನ್ ಮತ್ತು ಜೋನ್ ಪಿಯರ್ಸ್ ಎಂಬ ಸಂಶೋಧಕರು ಅಷ್ಟಕ್ಕೇ ಬಿಡಲಿಲ್ಲ. ಅವರು ಕೇಳಿದ್ದು ಸರಳವಾದ ಪ್ರಶ್ನೆ: ಇದು ಸಂಸ್ಕೃತಿಯೇ ಆಗಿದ್ದರೆ ಎಲ್ಲ ಕಂಪನಿಗಳ ಮುಖ್ಯಸ್ಥರೂ ಒಂದೇ ಪ್ರಮಾಣದಲ್ಲಿ ಸಂಬಂಧಗಳನ್ನು ನೆಚ್ಚಬೇಕು, ಅಲ್ವಾ? ಸರ್ಕಾರಿ ಕಂಪನಿ, ಸಾಮೂಹಿಕ ಒಡೆತನದ ಕಂಪನಿ, ಖಾಸಗಿ ಕಂಪನಿ, ಈ ಮೂರೂ ಬಗೆಯ ಮುಖ್ಯಸ್ಥರನ್ನು ಮಾತಾಡಿಸಿದರು. ಸಿಕ್ಕಿದ ಉತ್ತರ ಸ್ಪಷ್ಟವಾಗಿತ್ತು. ಖಾಸಗಿ ಕಂಪನಿಯವರು ಬೇರೆಯವರಿಗಿಂತ ಹೆಚ್ಚು ಸಂಬಂಧ ಬೆಳೆಸುತ್ತಿದ್ದರು. ಸರ್ಕಾರದಲ್ಲಿ ಅವರಿಗೆ ಪರಿಚಯಗಳು ಜಾಸ್ತಿ, ತಿರುಗಿ ಬರದ ಉಡುಗೊರೆಗಳನ್ನು ಕೊಡುತ್ತಿದ್ದುದೂ ಜಾಸ್ತಿ. ಯಾಕೆ? ಖಾಸಗಿ ಉದ್ಯಮಕ್ಕೆ ಚೀನಾದ ಸಂವಿಧಾನದಲ್ಲಿ ಜಾಗ ಸಿಕ್ಕಿದ್ದೇ 1988ರಲ್ಲಿ. ಕಾನೂನಿನ ರಕ್ಷಣೆ ತೆಳ್ಳಗಿತ್ತು. ಬ್ಯಾಂಕ್ ಸಾಲ ಸಿಗುತ್ತಿರಲಿಲ್ಲ. ಅಧಿಕಾರಿಯೊಬ್ಬ ಮನಸ್ಸು ಮಾಡಿದರೆ ಅಂಗಡಿ ಮುಚ್ಚಿಸಬಹುದಿತ್ತು. ಕಾನೂನು ಕೊಡಬೇಕಾದ ಭದ್ರತೆಯನ್ನು ಅವರು ಪರಿಚಯದಿಂದ ಪಡೆದುಕೊಳ್ಳುತ್ತಿದ್ದರು. ಆ ಕಾಲದಲ್ಲಿ ಎಷ್ಟೋ ಖಾಸಗಿ ಕಂಪನಿಗಳು ಸಾಮೂಹಿಕ ಒಡೆತನದ ಹೆಸರಿನಲ್ಲಿ ನೋಂದಣಿ ಮಾಡಿಸಿಕೊಳ್ಳುತ್ತಿದ್ದವು. ಅಲ್ಲಿನ ಜನ ಅದನ್ನು ‘ಕೆಂಪು ಟೋಪಿ ಹಾಕಿಕೊಳ್ಳೋದು’ ಎನ್ನುತ್ತಿದ್ದರು. ಅದೂ ಇದೇ ಭಯದಿಂದ.

ಇನ್ನೊಂದು ಉದಾಹರಣೆ ಕೊಡುತ್ತೇನೆ. ಮ್ಯಾನೇಜ್‌ಮೆಂಟ್ ಓದಿದವರಿಗೆಲ್ಲ ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲಿ ಹೇಳಿದ್ದು ಗೊತ್ತಿರುತ್ತದೆ. ಕೆಲಸ ಹುಡುಕುವಾಗ ನೆರವಾಗುವುದು ಆಪ್ತರಿಗಿಂತ ದೂರದ ಪರಿಚಯದವರೇ ಎಂಬ ವಾದ ಅದು. ನಮ್ಮ ಆಪ್ತರಿಗೆ ಗೊತ್ತಿರುವ ಸುದ್ದಿ ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ತರುವವರು ಹೊರಗಿನವರು. ಬಿಯೆನ್ ಯೆನ್‌ಜಿಯೆ 1988ರಲ್ಲಿ ತಿಯಾನ್‌ಜಿನ್ ನಗರದಲ್ಲಿ ಸಮೀಕ್ಷೆ ಮಾಡಿದಾಗ ಕಂಡದ್ದು ಇದರ ಉಲ್ಟಾ. ಅಲ್ಲಿ ಕೆಲಸ ಕೊಡಿಸಿದ್ದು ಬಂಧುಗಳು, ಆಪ್ತ ಗೆಳೆಯರು. ಆಗ ಅಲ್ಲಿ ಕೆಲಸವನ್ನು ಹಂಚುತ್ತಿದ್ದುದು ಸರ್ಕಾರ. ಖಾಲಿ ಹುದ್ದೆಯ ಸುದ್ದಿ ಕಟ್ಟಿಕೊಂಡು ಏನು ಮಾಡುವುದು? ಬೇಕಿದ್ದದ್ದು ಹಂಚುವ ಅಧಿಕಾರಿಯ ಕೃಪೆ. ನಿಯಮ ಮೀರಿ ಒಬ್ಬ ಅಧಿಕಾರಿ ಸಹಾಯ ಮಾಡಬೇಕಾದರೆ ಗಟ್ಟಿ ನಂಬಿಕೆ ಬೇಕು. ಆ ನಂಬಿಕೆ ದೂರದ ಪರಿಚಯದಿಂದ ಬರುವುದಿಲ್ಲ. ನೋಡಿ, ಗ್ರನೊವೆಟರ್ ಹೇಳಿದ್ದು ತಪ್ಪಲ್ಲ. ಅದು ಸುದ್ದಿಗೆ ಬೆಲೆ ಇರುವ ಮಾರುಕಟ್ಟೆಗೆ ಹೊಂದುವ ಮಾತು. ಯಾವ ಜಾಗದಲ್ಲಿ ಹೊಂದುತ್ತದೆ, ಯಾವ ಜಾಗದಲ್ಲಿ ಹೊಂದುವುದಿಲ್ಲ ಅಂತ ತೋರಿಸಿಕೊಟ್ಟದ್ದು ತಿಯಾನ್‌ಜಿನ್ ಸಮೀಕ್ಷೆ.

ಮಾರುಕಟ್ಟೆ ಬೆಳೆದಂತೆ ಗ್ವಾನ್‌ಶಿಯ ಮಹತ್ವ ಕಡಿಮೆಯಾಗುತ್ತಿದೆ ಎಂದು ಡಗ್ಲಸ್ ಗತ್ರಿ 1998ರಲ್ಲಿ ವಾದಿಸಿದರು. ಇಲ್ಲ, ಅದು ಹೊಸ ಜಾಗಗಳಿಗೆ ಹಬ್ಬಿದೆ ಎಂದು ಮೇಫೇರ್ ಯಾಂಗ್ 2002ರಲ್ಲಿ ಉತ್ತರ ಕೊಟ್ಟರು. ಆ ಚರ್ಚೆ ಇನ್ನೂ ನಡೆಯುತ್ತಿದೆ. ನನಗನ್ನಿಸುವುದು, ಎರಡೂ ಒಟ್ಟಿಗೇ ನಡೆಯುತ್ತಿವೆ. ದಿನನಿತ್ಯದ ಖರೀದಿಯಲ್ಲಿ ಬೆಲೆ, ಗುಣಮಟ್ಟ ಮಾತಾಡುತ್ತವೆ. ಭೂಮಿ, ಪರವಾನಗಿ, ಸಾಲ ಇರುವ ಕಡೆ ಸಂಬಂಧ ಮಾತಾಡುತ್ತದೆ.

ಹಾಗಾದರೆ ಸಂಸ್ಕೃತಿ ಅನ್ನುವುದು ಏನೂ ಅಲ್ಲವಾ ಅಂತ ನೀವು ಕೇಳಬಹುದು. ಇದೆ. ಆದರೆ ಅದನ್ನೂ ಪರೀಕ್ಷೆ ಮಾಡಿ ನೋಡಬಹುದು. ಥಾಮಸ್ ತಾಲ್‌ಹೆಲ್ಮ್ ಮತ್ತು ಸಂಗಡಿಗರು 2014ರಲ್ಲಿ ಒಂದು ವಾದ ಮುಂದಿಟ್ಟರು. ದಕ್ಷಿಣ ಚೀನಾ ಭತ್ತ ಬೆಳೆಯುವ ಸೀಮೆ, ಉತ್ತರ ಚೀನಾ ಗೋಧಿಯ ಸೀಮೆ. ಭತ್ತಕ್ಕೆ ನೀರು ಹಂಚಿಕೊಳ್ಳಬೇಕು, ನಾಟಿಗೆ ಮುಯ್ಯಾಳು ಬೇಕು. ಗೋಧಿಗೆ ಅಷ್ಟು ಬೇಡ. ಆದ್ದರಿಂದ ಭತ್ತದ ಸೀಮೆಯವರು ಒಬ್ಬರಿಗೊಬ್ಬರು ಹೆಚ್ಚು ಹೊಂದಿಕೊಂಡು ಬದುಕುತ್ತಾರೆ ಎಂಬುದು ವಾದ. 2018ರಲ್ಲಿ ಅವರು ಪ್ರಕಟಿಸಿದ ಪ್ರಯೋಗ ಕೇಳಿ. ಹಲವು ನಗರಗಳ ಕಾಫಿ ಅಂಗಡಿಗಳಿಗೆ ಹೋಗಿ, ಎರಡು ಕುರ್ಚಿಗಳನ್ನು ಓಡಾಡುವ ಜಾಗಕ್ಕೆ ಅಡ್ಡವಾಗುವಂತೆ ಹತ್ತಿರ ಸರಿಸಿ ಇಟ್ಟರು. ಆಮೇಲೆ ದೂರ ಕೂತು ಎಣಿಸಿದರು. ಉತ್ತರದ ಬೀಜಿಂಗ್, ಶೆನ್ಯಾಂಗ್‌ನಲ್ಲಿ ಕುರ್ಚಿಯನ್ನೇ ಪಕ್ಕಕ್ಕೆ ತಳ್ಳಿ ಹೋದವರ ಪ್ರಮಾಣ ದಕ್ಷಿಣಕ್ಕಿಂತ ಜಾಸ್ತಿ. ದಕ್ಷಿಣದ ನಗರಗಳಲ್ಲಿ ಹೆಚ್ಚಿನವರು ತಾವೇ ಮೈ ಕುಗ್ಗಿಸಿಕೊಂಡು ನಡುವೆ ನುಸುಳಿ ಹೋದರು. ಆ ಕಾಫಿ ಕುಡಿಯುತ್ತಿದ್ದವರಲ್ಲಿ ಬಹುಪಾಲು ಜನ ಗದ್ದೆಗೆ ಕಾಲಿಟ್ಟವರೇ ಅಲ್ಲ ಎನ್ನುವುದು ಗಮನಿಸಬೇಕಾದ ವಿಷಯ. ಅಂದರೆ ‘ಚೀನಾದವರು’ ಎಂಬ ಒಂದೇ ಮುದ್ದೆ ಇಲ್ಲ. ಕಾವೇರಿ ಬಯಲಿನ ಭತ್ತದವರು, ವಿಜಯಪುರದ ಜೋಳದವರು ಇರುವ ನಮ್ಮ ರಾಜ್ಯದಲ್ಲಿ ಇಂಥ ಪ್ರಶ್ನೆಯನ್ನು ಕೇಳಬಹುದು ಅಂತ ನಿಮಗೂ ಈಗ ಅನ್ನಿಸಿರಬೇಕು.

ಈಗ ಸಂಶೋಧಕರ ಒಳಜಗತ್ತಿನ ಬಗ್ಗೆ ಒಂದೆರಡು ಮಾತು. ಚೀನಾದಲ್ಲಿ ಎಂಬಿಎ ಶುರುವಾದದ್ದು 1991ರಲ್ಲಿ, ಒಂಬತ್ತು ವಿಶ್ವವಿದ್ಯಾಲಯಗಳಲ್ಲಿ. ಅಲ್ಲಿಂದಾಚೆ ಬೆಳವಣಿಗೆ ಬಹಳ ಬಿರುಸು. ಶಾಂಘೈನಲ್ಲಿ ಹುಟ್ಟಿ ಅಮೆರಿಕದಲ್ಲಿ ಹೆಸರು ಮಾಡಿದ ಆ್ಯನ್ ಸುಯಿ 2002ರಲ್ಲಿ ಚೀನಾದ ಮ್ಯಾನೇಜ್‌ಮೆಂಟ್ ಸಂಶೋಧನೆಗೆಂದೇ ಒಂದು ಅಂತರರಾಷ್ಟ್ರೀಯ ಸಂಘ ಕಟ್ಟಿದರು. 2005ರಲ್ಲಿ ಅದರ ಪತ್ರಿಕೆ ಬಂತು. ಸಾವಿರಾರು ಯುವ ಅಧ್ಯಾಪಕರಿಗೆ ಸಂಶೋಧನೆಯ ವಿಧಾನ ಕಲಿಸುವ ಶಿಬಿರಗಳು ನಡೆದವು. ಅದರ ಫಲ ಚೆನ್ನಾಗಿಯೇ ಬಂತು. ಆದರೆ ಕೆಲವೇ ವರ್ಷಗಳಲ್ಲಿ ಸ್ವತಃ ಅವರೇ ಎಚ್ಚರಿಸತೊಡಗಿದರು: ನಮ್ಮ ಹುಡುಗರು ಅಮೆರಿಕದ ಪತ್ರಿಕೆಗಳಿಗೆ ರುಚಿಸುವ ಪ್ರಶ್ನೆಗಳನ್ನೇ ಹಿಡಿಯುತ್ತಿದ್ದಾರೆ, ಚೀನಾ ಕೇವಲ ಅಂಕಿಅಂಶ ತರುವ ಜಾಗವಾಗಿದೆ ಎಂದು. ಒಂದು ಪ್ರಕಟಿತ ಲೇಖನಕ್ಕೆ ಇಷ್ಟು ಎಂದು ನಗದು ಬಹುಮಾನ ಕೊಡುವ ಪದ್ಧತಿ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿತ್ತು. 2020ರಲ್ಲಿ ಸರ್ಕಾರವೇ ಅದನ್ನು ನಿಲ್ಲಿಸಲು ಹೇಳಿತು. ಬಡ್ತಿಗಾಗಿ ಲೇಖನ ಎಣಿಸುವ ಕಷ್ಟ ಇಲ್ಲಿ ಕೂತಿರುವ ಅಧ್ಯಾಪಕರಿಗೆ ನಾನು ವಿವರಿಸಬೇಕಾಗಿಲ್ಲ.

ಹಾಗಿದ್ದೂ ಅಲ್ಲಿಂದ ಹೊರಟು ಜಗತ್ತಿಗೆಲ್ಲ ಉಪಯೋಗಕ್ಕೆ ಬಂದ ವಿಚಾರಗಳಿವೆ. ಯಜಮಾನನ ಬಗೆಗಿನ ಕೆಲಸ ಅಂಥದ್ದು. ತೈವಾನಿನ ಚೆಂಗ್ ಬೋರ್‌ಶ್ವಾನ್, ಫಾರ್ ಜಿಂಗ್‌ಲಿ ಇಬ್ಬರೂ ಸೇರಿ 2000ದಲ್ಲಿ ಪಿತೃಸಮಾನ ಮುಖ್ಯಸ್ಥನನ್ನು ಮೂರು ಪಾಲು ಮಾಡಿ ನೋಡಿದರು: ಗದರಿಸಿ ಆಳುವುದು, ಕಷ್ಟಸುಖ ವಿಚಾರಿಸುವುದು, ತಾನು ನೇರವಾಗಿ ನಡೆದುಕೊಳ್ಳುವುದು. ಅಲ್ಲಿಯವರೆಗೆ ಈ ಮೂರನ್ನೂ ಒಂದೇ ಗಂಟಾಗಿ ನೋಡುತ್ತಿದ್ದರು. ಬಿಡಿಸಿ ಅಳೆದಾಗ ಕೊನೆಯ ಎರಡು ಗುಣಗಳಿಗೆ ನೌಕರರು ಚೆನ್ನಾಗಿ ಸ್ಪಂದಿಸುತ್ತಾರೆ, ಗದರಿಕೆಗೆ ಸಾಮಾನ್ಯವಾಗಿ ಇಲ್ಲ ಎಂದು ತಿಳಿಯಿತು. ಹಿರಿಯರ ಮಾತು ಮೀರಬಾರದು ಎಂದು ಗಟ್ಟಿಯಾಗಿ ನಂಬಿದವರು ಮಾತ್ರ ಗದರಿಕೆಯನ್ನು ಸಹಿಸಿಕೊಳ್ಳುತ್ತಾರೆ. ‘ನಾನು ಬೈದರೂ ಮನೆಯವರ ಹಾಗೆ ನೋಡ್ಕೋತೀನಿ’ ಎನ್ನುವ ಯಜಮಾನರು ನಮ್ಮಲ್ಲೂ ಬೇಕಾದಷ್ಟಿದ್ದಾರೆ. ನೋಡಿಕೊಳ್ಳುವುದು ಕೆಲಸ ಮಾಡುತ್ತಿದೆ, ಬೈಯುವುದು ಮಾಡುತ್ತಿಲ್ಲ ಅಂತ ಅವರಿಗೆ ಯಾರಾದರೂ ಹೇಳಬೇಕು.

ಇದರ ಮುಂದಿನ ಹೆಜ್ಜೆ ನನಗೆ ಇನ್ನೂ ಇಷ್ಟ. ಲಿಯಾಂಗ್ ಜಿಯಾನ್, ಕ್ರಿಸ್ಟಲ್ ಫಾರ್, ಫಾರ್ ಜಿಂಗ್‌ಲಿ 2012ರಲ್ಲಿ ಚೀನಾದ ನೌಕರರ ಬಾಯಿಮಾತನ್ನು ಎರಡಾಗಿ ವಿಂಗಡಿಸಿದರು. ‘ಸಾರ್, ಹೀಗೆ ಮಾಡಿದ್ರೆ ಇನ್ನೂ ಚೆನ್ನಾಗಿರುತ್ತೆ’ ಎನ್ನುವುದು ಒಂದು ಬಗೆ. ‘ಸಾರ್, ಇದು ಅಪಾಯ, ನಿಲ್ಲಿಸಿ’ ಎನ್ನುವುದು ಇನ್ನೊಂದು. ಮೇಲ್ನೋಟಕ್ಕೆ ಎರಡೂ ಸಲಹೆಯೇ. ಆದರೆ ಹುಟ್ಟುವ ಜಾಗ ಬೇರೆ. ಮೊದಲನೆಯದು ಬರುವುದು ಮುಖ್ಯವಾಗಿ ‘ಕಂಪನಿ ಸುಧಾರಿಸುವುದು ನನ್ನ ಹೊಣೆ’ ಎಂಬ ಭಾವನೆಯಿಂದ. ಎರಡನೆಯದು ಬರಬೇಕಾದರೆ ‘ಹೇಳಿದರೆ ನನಗೇನೂ ಆಗಲ್ಲ’ ಎಂಬ ಧೈರ್ಯ ಬೇಕು. ನಿಮ್ಮ ಕಾರ್ಖಾನೆಯಲ್ಲಿ ಸಲಹೆ ಪೆಟ್ಟಿಗೆ ತುಂಬಿದೆ, ಆದರೂ ಬಾಯ್ಲರಿನ ಕವಾಟ ಸೋರುತ್ತಿರುವುದನ್ನು ಯಾರೂ ಹೇಳಲಿಲ್ಲ ಅಂತಾದರೆ ಅದಕ್ಕೆ ಕಾರಣ ಇಲ್ಲಿದೆ. ಬಹುಮಾನ ಕೊಟ್ಟು ಮೊದಲನೆಯದನ್ನು ಹೆಚ್ಚಿಸಬಹುದು. ಎರಡನೆಯದಕ್ಕೆ ಭಯ ಹೋಗಬೇಕು.

ಕಂಪನಿಗಳ ಕಥೆಗೆ ಬರೋಣ. ಗೃಹೋಪಕರಣ ಕಂಪನಿ ಹಾಯರ್ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. 1984ರಲ್ಲಿ ಜಾಂಗ್ ರುಯಿಮಿನ್ ಚಿಂಗ್‌ದಾವ್ ನಗರದ ಒಂದು ಮುಳುಗುತ್ತಿದ್ದ ಫ್ರಿಜ್ ಕಾರ್ಖಾನೆಯ ಮುಖ್ಯಸ್ಥರಾದರು. ಅವರು ಹಾಕಿದ 13 ನಿಯಮಗಳಲ್ಲಿ ಒಂದು, ಕಾರ್ಖಾನೆಯೊಳಗೆ ಮಲಮೂತ್ರ ಮಾಡಬಾರದು ಎಂದಿತ್ತು. ಪರಿಸ್ಥಿತಿ ಅಲ್ಲಿಗೆ ಬಂದಿತ್ತು. 1985ರಲ್ಲಿ ಗ್ರಾಹಕನೊಬ್ಬನ ದೂರಿನ ನಂತರ ಗೋದಾಮು ಪರಿಶೀಲಿಸಿ, ದೋಷವಿದ್ದ 76 ಫ್ರಿಜ್‌ಗಳನ್ನು ಅವುಗಳನ್ನು ಮಾಡಿದ ಕಾರ್ಮಿಕರ ಕೈಯಿಂದಲೇ ಸುತ್ತಿಗೆಯಲ್ಲಿ ಒಡೆಸಿದರು. 2005ರಿಂದ ಅವರು ಕಂಪನಿಯನ್ನು ಸಾವಿರಾರು ಸಣ್ಣ ಘಟಕಗಳಾಗಿ ಒಡೆದರು. ಮಧ್ಯದ ಮ್ಯಾನೇಜರುಗಳ ಸಾಲನ್ನೇ ತೆಗೆದರು. 10 ಸಾವಿರಕ್ಕೂ ಹೆಚ್ಚು ಹುದ್ದೆಗಳು ಹೋದವು. ಪ್ರತಿ ಘಟಕವೂ ತನ್ನ ಗಳಿಕೆ ತಾನೇ ನೋಡಿಕೊಳ್ಳಬೇಕು. 2016ರಲ್ಲಿ ಅಮೆರಿಕದ ಜಿಇ ಕಂಪನಿಯ ಗೃಹೋಪಕರಣ ವಿಭಾಗವನ್ನು ಕೊಂಡು ಅಲ್ಲೂ ಇದೇ ಪದ್ಧತಿ ತಂದರು.

ಟೆಲಿಕಾಂ ಉಪಕರಣ ಮಾಡುವ ಹುವಾವೇ ಹೋದದ್ದು ಬೇರೆ ದಾರಿಯಲ್ಲಿ. 1990ರ ದಶಕದ ಕೊನೆಯಲ್ಲಿ ಅದರ ಸ್ಥಾಪಕ ರೆನ್ ಜಂಗ್‌ಫೇ ಐಬಿಎಂ ಸಲಹೆಗಾರರನ್ನು ಕರೆತಂದು, ಉತ್ಪನ್ನ ಅಭಿವೃದ್ಧಿಯ ಅವರ ಪದ್ಧತಿಯನ್ನು ಹಾಗೆಹಾಗೇ ಜಾರಿಗೆ ತಂದರು. ಮೊದಲು ಕಣ್ಣುಮುಚ್ಚಿ ಅನುಸರಿಸಿ, ಆಮೇಲೆ ಸುಧಾರಿಸಿ, ಕೊನೆಗೆ ಗಟ್ಟಿಮಾಡಿ ಎಂಬುದು ಅವರ ಸೂತ್ರವಾಗಿತ್ತು. ಅದೇ ಸುಮಾರಿಗೆ, 1999ರಲ್ಲಿ, ಹುವಾವೇ ನಮ್ಮ ಬೆಂಗಳೂರಿನಲ್ಲೂ ಸಂಶೋಧನಾ ಕೇಂದ್ರ ತೆರೆಯಿತು. ಒಂದೇ ದೇಶ, ಒಂದೇ ತಲೆಮಾರಿನ ಇಬ್ಬರು ಯಜಮಾನರು. ಒಬ್ಬರು ಮೇಲು ಕೆಳಗಿನ ಮೆಟ್ಟಿಲನ್ನೇ ಕಿತ್ತರು, ಇನ್ನೊಬ್ಬರು ಅಮೆರಿಕದ ಮೆಟ್ಟಿಲನ್ನು ತಂದು ಕೂರಿಸಿದರು. ‘ಚೀನೀ ಮ್ಯಾನೇಜ್‌ಮೆಂಟ್’ ಅಂತ ಒಂದೇ ಹೆಸರು ಇಡುವುದು ಹೇಗೆ, ಹೇಳಿ?

ಆದರೆ ಇಂಥ ಕಥೆಗಳನ್ನು ಓದುವಾಗ ಯಾರು ಮಾತಾಡುತ್ತಿದ್ದಾರೆ ಅಂತ ನೋಡಬೇಕು. ಗೆದ್ದ ಕಂಪನಿಯ ಮುಖ್ಯಸ್ಥರು, ಅವರು ಕರೆದ ಪ್ರಾಧ್ಯಾಪಕರು, ಅವರ ಸಲಹೆಗಾರರು. ಹುದ್ದೆ ಕಳೆದುಕೊಂಡ ಆ ಮ್ಯಾನೇಜರುಗಳ ಮಾತು ಈ ಬರಹಗಳಲ್ಲಿ ಬಹಳ ಕಡಿಮೆ.

ಅದಕ್ಕೇ ನನಗೆ ಮುಂದಿನ ಪ್ರಯೋಗ ಮುಖ್ಯ. ಶಾಂಘೈನ ಸಿಟ್ರಿಪ್ ದೊಡ್ಡ ಪ್ರವಾಸಿ ಕಂಪನಿ. ಅದರ ಸ್ಥಾಪಕರಲ್ಲಿ ಒಬ್ಬರಾದ ಜೇಮ್ಸ್ ಲಿಯಾಂಗ್ ಸ್ಟ್ಯಾನ್‌ಫರ್ಡಿನಲ್ಲಿ ಅರ್ಥಶಾಸ್ತ್ರದ ಪಿಎಚ್‌ಡಿ ಮಾಡುತ್ತಿದ್ದರು. ಶಾಂಘೈನಲ್ಲಿ ಕಚೇರಿ ಬಾಡಿಗೆ ಏರುತ್ತಿತ್ತು. ಕಾಲ್ ಸೆಂಟರಿನಲ್ಲಿ ಜನ ನಿಲ್ಲುತ್ತಿರಲಿಲ್ಲ. ಮನೆಯಿಂದ ಕೆಲಸ ಮಾಡಿಸಿದರೆ ಹೇಗೆ? ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಜೊತೆ ಸೇರಿ ಊಹೆಯ ಬದಲು ಪ್ರಯೋಗವನ್ನೇ ಮಾಡಿದರು. ಇದು 2010ರ ಮಾತು, ಕೊರೊನಾಗಿಂತ ಹತ್ತು ವರ್ಷ ಮುಂಚೆ.

ಮನೆಯಲ್ಲಿ ಬೇರೆ ಕೋಣೆ, ಇಂಟರ್ನೆಟ್, ಆರು ತಿಂಗಳ ಅನುಭವ ಇದ್ದ, ಸ್ವಇಚ್ಛೆಯಿಂದ ಮುಂದೆ ಬಂದ ಸುಮಾರು 250 ಜನ ಸಿಕ್ಕರು. ಯಾರು ಮನೆಗೆ, ಯಾರು ಕಚೇರಿಗೆ ಅಂತ ಮ್ಯಾನೇಜರ್ ಆರಿಸಿದ್ದರೆ ಮೆಚ್ಚಿನವರಿಗೆ ಮನೆ ಸಿಗುತ್ತಿತ್ತು. ಅದಕ್ಕೆ ಹುಟ್ಟಿದ ತಾರೀಕು ನೋಡಿದರು. ಸಮಸಂಖ್ಯೆಯ ತಾರೀಕಿನವರು ವಾರಕ್ಕೆ ನಾಲ್ಕು ದಿನ ಮನೆಯಿಂದ, ಬೆಸಸಂಖ್ಯೆಯವರು ಎಂದಿನಂತೆ ಕಚೇರಿಯಿಂದ. ಒಂಬತ್ತು ತಿಂಗಳು ಹೀಗೆ ನಡೆಯಿತು. ಮನೆಯಿಂದ ಮಾಡಿದವರ ಕೆಲಸ 13 ಶೇಕಡಾ ಹೆಚ್ಚಿತು. ಅದರಲ್ಲಿ 9 ಶೇಕಡಾ ಬಂದದ್ದು ಜಾಸ್ತಿ ಹೊತ್ತು ಕೂತದ್ದರಿಂದ: ತಡವಾಗಿ ಬರುವುದು, ರಜೆ, ನಡುನಡುವೆ ಎದ್ದು ಹೋಗುವುದು ಕಡಿಮೆಯಾಯಿತು. ಉಳಿದದ್ದು ನಿಮಿಷಕ್ಕೆ ಹೆಚ್ಚು ಕರೆ ತೆಗೆದುಕೊಂಡದ್ದರಿಂದ. ಕೆಲಸ ಬಿಟ್ಟು ಹೋಗುವವರ ಪ್ರಮಾಣ ಅರ್ಧಕ್ಕೆ ಇಳಿಯಿತು.

ಇಷ್ಟೇ ಆಗಿದ್ದರೆ ನಾನು ಇಷ್ಟು ಹೊತ್ತು ಹೇಳುತ್ತಿರಲಿಲ್ಲ. ಪ್ರಯೋಗ ಮುಗಿದ ಮೇಲೆ ‘ಈಗ ನಿಮ್ಮಿಷ್ಟ’ ಎಂದಾಗ, ಮನೆಯಿಂದ ಮಾಡಿದವರಲ್ಲಿ ಸುಮಾರು ಅರ್ಧದಷ್ಟು ಜನ ಕಚೇರಿಗೆ ವಾಪಸ್ ಬಂದರು. ಒಂಟಿತನ ಅವರನ್ನು ಕಾಡಿತ್ತು. ಇನ್ನೊಂದು ವಿಷಯ, ಅಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಮನೆಯಲ್ಲಿದ್ದವರಿಗೆ ಬಡ್ತಿ ಕಡಿಮೆ ಸಿಕ್ಕಿತು. ಕಣ್ಣೆದುರು ಇಲ್ಲದವರು ನೆನಪಿಗೂ ಬರುವುದಿಲ್ಲ. ಅದೇ ಕಂಪನಿ 2021–22ರಲ್ಲಿ 1,612 ನೌಕರರ ಮೇಲೆ ಎರಡನೇ ಪ್ರಯೋಗ ಮಾಡಿತು. ಈ ಸಲ ಇಂಜಿನಿಯರುಗಳು, ಮಾರುಕಟ್ಟೆ, ಹಣಕಾಸಿನವರು. ವಾರಕ್ಕೆ ಎರಡೇ ದಿನ ಮನೆ. ಕೆಲಸದ ಗುಣಮಟ್ಟದಲ್ಲಿ, ಬಡ್ತಿಯಲ್ಲಿ ಏನೂ ವ್ಯತ್ಯಾಸ ಬರಲಿಲ್ಲ, ಬಿಟ್ಟು ಹೋಗುವವರು ಮೂರರಲ್ಲಿ ಒಂದು ಪಾಲು ಕಡಿಮೆಯಾದರು. ಮೊದಲು ಅನುಮಾನಪಟ್ಟಿದ್ದ ಮ್ಯಾನೇಜರುಗಳೂ ಮನಸ್ಸು ಬದಲಾಯಿಸಿದರು. ಔಟರ್ ರಿಂಗ್ ರೋಡಿನ ಕಂಪನಿಗಳಲ್ಲಿ ‘ವಾರಕ್ಕೆ ಎಷ್ಟು ದಿನ ಬರಬೇಕು’ ಎಂಬ ಜಗ್ಗಾಟ ಇನ್ನೂ ನಡೆಯುತ್ತಲೇ ಇದೆ. ಅಲ್ಲಿ ವಾದ ಮಾಡುವವರು ಹುಟ್ಟಿದ ತಾರೀಕು ನೋಡಿ ಆರು ತಿಂಗಳು ಪ್ರಯೋಗ ಮಾಡಿದ್ದರೆ ಇಷ್ಟೊತ್ತಿಗೆ ಉತ್ತರ ಕೈಯಲ್ಲಿರುತ್ತಿತ್ತು.

ಕಂಪನಿಯೊಳಗೆ ಪಕ್ಷದ ಪಾತ್ರವೇನು ಎಂದು ಒಬ್ಬರು ಚೀಟಿ ಕಳಿಸಿದ್ದಾರೆ. ಕಂಪನಿಗಳಲ್ಲಿ ಕಮ್ಯುನಿಸ್ಟ್ ಪಕ್ಷದ ಘಟಕಕ್ಕೆ ಚೀನಾದ ಕಂಪನಿ ಕಾಯ್ದೆಯಲ್ಲೇ ಅವಕಾಶವಿದೆ, ಖಾಸಗಿ ಕಂಪನಿಗೂ ಅನ್ವಯಿಸುತ್ತದೆ. 2017ರ ಸುಮಾರಿಗೆ ನೂರಾರು ಸರ್ಕಾರಿ ಕಂಪನಿಗಳು ತಮ್ಮ ನಿಯಮಾವಳಿಯಲ್ಲೇ ಪಕ್ಷದ ಸ್ಥಾನವನ್ನು ಬರೆದುಕೊಂಡವು. ನಿರ್ದೇಶಕ ಮಂಡಳಿಗೂ ಪಕ್ಷದ ಸಮಿತಿಗೂ ಅದೇ ಜನ ಸದಸ್ಯರಾಗಿದ್ದರೆ ತೀರ್ಮಾನಗಳು ಹೇಗೆ ಬದಲಾಗುತ್ತವೆ ಎಂಬುದು ಈಗ ಬಿರುಸಾಗಿ ನಡೆಯುತ್ತಿರುವ ಸಂಶೋಧನೆ. ಬಹುಪಾಲು ಷೇರುಪೇಟೆಯ ದಾಖಲೆಗಳನ್ನು ಆಧರಿಸಿದ್ದು. ಸಭೆಯ ಕೋಣೆಯೊಳಗೆ ಕೂತು ನೋಡಿ ಬರೆದದ್ದು ಅಪರೂಪ. ದಾಖಲೆ ಸಿಗುವುದೂ ಕಷ್ಟವಾಗುತ್ತಿದೆ. 2023ರ ಏಪ್ರಿಲಿನಿಂದ ಚೀನಾದ ಅತಿ ದೊಡ್ಡ ವಿದ್ವತ್ ಬರಹಗಳ ಸಂಗ್ರಹದ ಕೆಲವು ವಿಭಾಗಗಳನ್ನು ಹೊರದೇಶದವರಿಗೆ ಮುಚ್ಚಿದ್ದಾರೆ.

ಇಂಥ ಹೊತ್ತಿನಲ್ಲೂ ಅಲ್ಲಿಯ ಯುವ ಸಂಶೋಧಕರು ಮಾಡಿದ ಅತ್ಯುತ್ತಮ ಕೆಲಸ ಊಟ ತಲುಪಿಸುವ ಹುಡುಗರ ಬಗ್ಗೆ. ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಚೆನ್ ಲೊಂಗ್ 2018ರಲ್ಲಿ ಬೀಜಿಂಗಿನ ಜೊಂಗ್‌ಗ್ವಾನ್‌ತ್ಸುನ್ ಬಡಾವಣೆಯಲ್ಲಿ ಐದೂವರೆ ತಿಂಗಳು ತಾವೇ ಊಟದ ಡೆಲಿವರಿ ಮಾಡಿದರು. ಅವರು ಹೇಳಿದ್ದು ಹೀಗೆ. ಇಲ್ಲಿ ಬೈಯುವ ಮೇಸ್ತ್ರಿ ಕಾಣುವುದಿಲ್ಲ. ಹೊತ್ತು ಅಳೆಯುವುದು ಫೋನು, ಅಂಕ ಕೊಡುವುದು ಗ್ರಾಹಕ. ಹೀಗಾಗಿ ಹುಡುಗನ ಸಿಟ್ಟು ಗ್ರಾಹಕನ ಮೇಲೆ, ಹೋಟೆಲಿನವನ ಮೇಲೆ, ಕಾವಲುಗಾರನ ಮೇಲೆ ತಿರುಗುತ್ತದೆ. ಕಂಪನಿ ಹಿಂದೆ ನಿಂತಿರುತ್ತದೆ. ಚೀನಾದ ಸಮಾಜವಿಜ್ಞಾನ ಅಕಾಡೆಮಿಯ ಸುನ್ ಪಿಂಗ್ 2017ರಿಂದ ಇದೇ ಹುಡುಗರನ್ನು ಮಾತಾಡಿಸುತ್ತ ಬಂದವರು. ಹೊತ್ತು ಉಳಿಸಲು ಹುಡುಗರು ಎದುರು ದಿಕ್ಕಿನಲ್ಲಿ ಗಾಡಿ ಓಡಿಸುತ್ತಾರೆ. ಆ ವೇಗವನ್ನೇ ಲೆಕ್ಕಕ್ಕೆ ತೆಗೆದುಕೊಂಡ ಕಂಪ್ಯೂಟರ್ ಮುಂದಿನವನಿಗೆ ಇನ್ನೂ ಕಡಿಮೆ ಹೊತ್ತು ಕೊಡುತ್ತದೆ. 2016ರಲ್ಲಿ 3 ಕಿಲೋಮೀಟರಿಗೆ ಗರಿಷ್ಠ ಒಂದು ಗಂಟೆ ಕೊಡುತ್ತಿದ್ದರು. 2017ರಲ್ಲಿ 45 ನಿಮಿಷ. 2018ರಲ್ಲಿ 38.

2020ರ ಸೆಪ್ಟೆಂಬರಿನಲ್ಲಿ ಒಂದು ಚೀನೀ ಪತ್ರಿಕೆ ಈ ಸಂಶೋಧನೆಗಳನ್ನು ಹುಡುಗರ ಮಾತಿನ ಜೊತೆ ಸೇರಿಸಿ ದೀರ್ಘ ವರದಿ ಮಾಡಿತು. ದೇಶವೇ ಓದಿತು. ಬೆನ್ನಲ್ಲೇ ಒಂದು ಕಂಪನಿ ‘ಇನ್ನೂ 5 ನಿಮಿಷ ಕಾಯುತ್ತೇನೆ’ ಎಂಬ ಗುಂಡಿಯನ್ನು ಗ್ರಾಹಕನಿಗೆ ಕೊಟ್ಟಿತು. ಹೊರೆ ಮತ್ತೆ ಗ್ರಾಹಕನ ಮೇಲೇ ಬಿತ್ತು ಎಂದು ಜನ ಅದನ್ನೂ ಒಪ್ಪಲಿಲ್ಲ. ಇನ್ನೊಂದು ಕಂಪನಿ ಹುಡುಗರಿಗೆ 8 ನಿಮಿಷ ಹೆಚ್ಚುವರಿ ಕೊಡುತ್ತೇವೆ ಎಂದಿತು. 2021ರ ಜುಲೈನಲ್ಲಿ ಸರ್ಕಾರದ ಏಳು ಇಲಾಖೆಗಳು ಸೇರಿ, ಅತಿ ಬಿಗಿಯಾದ ಲೆಕ್ಕವನ್ನು ಅಳತೆಗೋಲು ಮಾಡಬಾರದು ಎಂದು ಸೂಚನೆ ಹೊರಡಿಸಿದವು. ಹುಡುಗರ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಆದರೆ ಒಂದು ಪಿಎಚ್‌ಡಿ ಕೆಲಸ ಇಷ್ಟು ದೂರ ಹೋಯಿತಲ್ಲ, ಅದು ನನಗೆ ದೊಡ್ಡದು.

ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ, ಅಂದರೆ ಆ್ಯಪ್ ಮೂಲಕ ಇಂಥ ಕೆಲಸ ಮಾಡುವವರಿಗಾಗಿ, ಕಾಯ್ದೆ ಮಾಡಿದೆ. ಕಂಪನಿಯ ಕಂಪ್ಯೂಟರ್ ವ್ಯವಸ್ಥೆ ತಮ್ಮನ್ನು ಹೇಗೆ ಅಳೆಯುತ್ತದೆ ಎಂದು ತಿಳಿಯುವ ಹಕ್ಕು ಅದರಲ್ಲಿದೆ. ಆ ಹಕ್ಕು ಕೋರಮಂಗಲದ ಒಬ್ಬ ಹುಡುಗನ ಫೋನಿನಲ್ಲಿ ಯಾವ ರೂಪದಲ್ಲಿ ಬರುತ್ತದೆ? ಯಾವ ಭಾಷೆಯಲ್ಲಿ ಬರುತ್ತದೆ? ಮಳೆ ಬಂದ ದಿನ ಅವನಿಗೆ ಎಷ್ಟು ನಿಮಿಷ ಸಿಗುತ್ತದೆ? ಇದನ್ನು ಕಚೇರಿಯಲ್ಲಿ ಕೂತು ಪ್ರಶ್ನಾವಳಿ ಹಂಚಿ ತಿಳಿಯಲಾಗದು. ಮುಂದಿನ ವರ್ಷ ಪ್ರಾಜೆಕ್ಟ್ ಮಾಡಬೇಕಾದವರು ಇಲ್ಲಿ ಎಷ್ಟೋ ಜನ ಇದ್ದೀರಿ. ಒಂದು ಗಾಡಿ, ಹೆಲ್ಮೆಟ್ಟು, ಐದು ತಿಂಗಳು ಬಿಡುವು ಇದ್ದು, ದಿನಾ ರಾತ್ರಿ ಕೂತು ಟಿಪ್ಪಣಿ ಬರೆಯುವ ತಾಳ್ಮೆ ಇರುವವರು ಸಭೆ ಮುಗಿದ ಮೇಲೆ ನನ್ನನ್ನು ಕಾಣಿ. ವಿಮೆ, ಅನುಮತಿ, ಕಾಲೇಜಿನ ಒಪ್ಪಿಗೆ ಹೇಗೆ ಮಾಡಿಕೊಳ್ಳುವುದು ಅಂತ ಒಟ್ಟಿಗೆ ಕೂತು ಯೋಚಿಸೋಣ.